'ಮರೀನ್ ಪ್ಲೈವುಡ್' ಎಂಬ ಮುದ್ರೆ ನಂಬಿ ದೋಣಿಗೆ ಹಾಳೆ ಕೊಳ್ಳಬೇಡಿ

ಮನೆಯಲ್ಲೇ ಎರಡು ಹಲ್‌ಗಳ (ಹಲ್ ಎಂದರೆ ನೀರಿನಲ್ಲಿ ತೇಲುವ ದೋಣಿಯ ಒಡಲು) ಕ್ಯಾಟಮರಾನ್ ದೋಣಿ ಕಟ್ಟಲು ಹೊರಟವರು ಪ್ಲೈವುಡ್‌ಗೆ ಹಣ ಕೊಡುವ ಮುನ್ನ ದಯವಿಟ್ಟು ಇದನ್ನು ಓದಬೇಕು. 'ಮರೀನ್ ಗ್ರೇಡ್, ಬಿಎಸ್ 1088' (ದೋಣಿಗೆ ಬಳಸುವ ಪ್ಲೈವುಡ್‌ನ ಬ್ರಿಟಿಷ್ ಮಾನದಂಡ) ಎಂದು ಮೆಸೇಜಿನಲ್ಲಿ ಬರೆದು, ಪ್ರತಿ ಹಾಳೆಯ ಮೇಲೂ ಅದೇ ಮುದ್ರೆ ಒತ್ತಿ, ಅದಕ್ಕೆ ತಕ್ಕ ಬೆಲೆಯನ್ನೂ ಪಡೆದ ವ್ಯಾಪಾರಿ ನನಗೆ ಕಳಿಸಿದ್ದು ಮರೀನ್ ಪ್ಲೈವುಡ್ ಅಲ್ಲವೇ ಅಲ್ಲ.

ಮೇಲ್ಮೈ ನುಣುಪಾಗಿತ್ತು, ಮುದ್ರೆ ಅಚ್ಚುಕಟ್ಟಾಗಿತ್ತು. ಮೊದಲ ಹಲ್‌ನ ತಳಕ್ಕೆಂದು ಕೊಯ್ದಾಗ ಒಳಪದರದಲ್ಲಿ ಅಳತೆಪಟ್ಟಿಯ ತುದಿ ಸಲೀಸಾಗಿ ತೂರುವಷ್ಟು ಸಂದು ಕಂಡಿತು. ಇನ್ನೊಂದು ಕಡೆ ಕೊಯ್ದರೆ ಅಲ್ಲೂ ಅದೇ. ಅನುಮಾನ ಬಂದು ತುಂಡೊಂದನ್ನು ಪಾತ್ರೆಯಲ್ಲಿ ಕುದಿಸಿದೆ. ಪದರಗಳು ಅಂಚಿನಿಂದ ಬಾಯಿಬಿಟ್ಟವು. ಉಗುರು ಹಾಕಿ ಎಳೆದರೆ ಕೈಗೇ ಬಂದವು. ಕುದಿಯುವ ನೀರಿಗೂ ಜಗ್ಗದ ಅಂಟು ಇರಬೇಕಾದ ಹಾಳೆ ಅದು!

ಫೋನ್ ಮಾಡಿದರೆ ಆತ ಕೇಳಿದ್ದು, "ಕುದಿಸಲು ನಿಮಗೆ ಯಾರು ಹೇಳಿದರು? ನಿಮ್ಮ ದೋಣಿ ಕುದಿಯುವ ನೀರಿನಲ್ಲಿ ಓಡುತ್ತದೆಯೇ?" ಸಂದುಗಳ ಫೋಟೋ ಕಳಿಸಿದ್ದಕ್ಕೆ, "ಎಪಾಕ್ಸಿ ಅಂಟು ತುಂಬಿ ಬಣ್ಣ ಹೊಡೆಯಿರಿ ಸಾರ್, ಯಾರಿಗೂ ಕಾಣುವುದಿಲ್ಲ." ಕಾಣುವ ಪ್ರಶ್ನೆಯೇ ಅಲ್ಲ ಇದು. ಕ್ಯಾಟಮರಾನಿನ ಇಂಧನ ಉಳಿತಾಯವೆಲ್ಲ ನಿಂತಿರುವುದು ಹಲ್‌ಗಳು ಕಿರಿದಾಗಿ, ಹಗುರವಾಗಿ, ಲೆಕ್ಕ ಹಾಕಿದಷ್ಟೇ ಮುಳುಗುವುದರ ಮೇಲೆ. ನೀರಿನ ಮಟ್ಟದಲ್ಲಿ ಹಲ್‌ನ ಉದ್ದವನ್ನು ಅಗಲದ 10 ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಇಡುವುದೇ ಅಲೆ ಎಬ್ಬಿಸುವುದರಲ್ಲಿ ಎಂಜಿನ್ನಿನ ಶಕ್ತಿ ಪೋಲಾಗದಿರಲಿ ಎಂದು. ಎಪಾಕ್ಸಿ ಸುರಿದು ತೂಕ ಏರಿಸಿದರೆ ಆ ಲಾಭ ಕೈಬಿಟ್ಟಂತೆಯೇ. ಅಷ್ಟು ಸುರಿದರೂ ಹಾಳೆಯ ನಡುವಿನ ಸಂದಿಗೆ ಅದು ತಲುಪುವುದಿಲ್ಲ. ಒಂದು ಸ್ಕ್ರೂ ತೂತಿನಿಂದ ನೀರಿಳಿದರೆ ಸಾಕು, ಹಲ್ ಒಳಗಿನಿಂದಲೇ ಕೊಳೆಯುತ್ತದೆ. ಎರಡು ಹಲ್‌ಗಳೂ ಬೇರೆ ಬೇರೆ ಅಲೆಗೆ ಏರಿಳಿಯುವಾಗ ತಿರುಚುವ ಬಲ ಬೀಳುವುದು ಅವೆರಡನ್ನೂ ಜೋಡಿಸುವ ಅಡ್ಡತೊಲೆಗಳು ಕೂತ ಜಾಗದ ಮೇಲೆ. ಅಲ್ಲಿ ಪದರ ಬಿಟ್ಟರೆ ದೋಣಿಯಲ್ಲಿ ಕೂತವರ ಗತಿಯೇನು?

ಹಣ ವಾಪಸ್ ಕೇಳಿದಾಗ ಬಂದ ಉತ್ತರ, "ಬಿಲ್ಲಿನಲ್ಲಿ ಮರೀನ್ ಎಂದು ಎಲ್ಲಿದೆ, ತೋರಿಸಿ." ತೆಗೆದು ನೋಡಿದರೆ ಬರೀ 'ಪ್ಲೈವುಡ್ 9 ಮಿ.ಮೀ.' ಎಂದಿತ್ತು. ಮೆಸೇಜಿನಲ್ಲೂ ಹಾಳೆಯ ಮೇಲೂ ಒಂದು, ಬಿಲ್ಲಿನಲ್ಲಿ ಇನ್ನೊಂದು! ಇದು ಮೊದಲೇ ಯೋಚಿಸಿ ಮಾಡಿದ ಮೋಸವೆಂದು ನನಗೆ ಖಚಿತವಾದದ್ದು ಆಗ. ಅವಮಾನದಿಂದ ಮೈಯೆಲ್ಲ ಉರಿದುಹೋಯಿತು.

ಬಿಲ್ಲಿನಲ್ಲಿ ದರ್ಜೆ ಬರೆಸದೆ ಬಿಡಿಗಾಸನ್ನೂ ಕೊಡಬೇಡಿ. ಮೊದಲು ಒಂದೇ ಹಾಳೆ ತರಿಸಿ, ನಟ್ಟನಡುವೆ ಕೊಯ್ದು ನೋಡಿ, ತುಂಡನ್ನು ಗಂಟೆಗಟ್ಟಲೆ ಕುದಿಸಿ, ಪದರ ಬಿಡದಿದ್ದರೆ ಮಾತ್ರ ಉಳಿದದ್ದನ್ನು ತರಿಸಿ. ಮುದ್ರೆಯನ್ನಂತೂ ನಂಬಲೇಬೇಡಿ, ಅಂಥ ಮೊಹರನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು. ಆ ವ್ಯಾಪಾರಿ ಈಗ "ಮಿಲ್ಲಿನವರನ್ನು ಕೇಳಿ" ಎನ್ನುತ್ತಾನೆ. ಯಾವ ಮಿಲ್ಲು ಎಂದರೆ ಫೋನ್ ಇಟ್ಟುಬಿಡುತ್ತಾನೆ.