ಬೇಯ್ಟೋ ಮ್ಯೂಸಿಯಂ, ತೈಪೆ: ಸಾಕ್ಸ್ ಮರೀಬ್ಯಾಡ್ರಿ

ತೈಪೆಯಲ್ಲಿ ಮಗಳು ತೋರಿಸಿದ ಜಾಗಗಳಲ್ಲಿ ಇನ್ನೊಮ್ಮೆ ಹೋಗಬೇಕು ಅನ್ನಿಸಿದ್ದು ಬೇಯ್ಟೋ ಗುಡ್ಡದ ಈ ಜಾನಪದ ಕಲಾ ಮ್ಯೂಸಿಯಂಗೆ. ಬೇಯ್ಟೋ ಬಿಸಿನೀರಿನ ಬುಗ್ಗೆಗಳ ಊರು, ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಮೆಟ್ರೋ ಇಳಿದು 230 ನಂಬರಿನ ಬಸ್ ಹಿಡೀರಿ. ದಾರಿ ಏರು, ಮೊಣಕಾಲು ನೋವಿದ್ದವರು ನಡೀಲಿಕ್ಕೆ ಹೋಗಬ್ಯಾಡ್ರಿ. ಸೋಮವಾರ ರಜೆ.

ಕಟ್ಟಡ 1921ರದು. ತೈವಾನ್ ಜಪಾನಿನ ಕೈಯಲ್ಲಿದ್ದಾಗ ಇದು ಕಾಜಾನ್ ಎಂಬ ಉಳ್ಳವರ ವಸತಿಗೃಹ. ಯುದ್ಧದ ಕಾಲಕ್ಕೆ ಜಪಾನಿ ಸೇನಾಧಿಕಾರಿಗಳ ಕ್ಲಬ್ಬಾಯಿತು, ಆಮೇಲೆ ವಿದೇಶಾಂಗ ಇಲಾಖೆಯ ಅತಿಥಿಗೃಹ. 1983ರಲ್ಲಿ ಮ್ಯೂಸಿಯಂ ಆಗಿ, 1998ರಲ್ಲಿ ಸಂರಕ್ಷಿತ ಸ್ಮಾರಕಗಳ ಪಟ್ಟಿ ಸೇರಿ, ದುರಸ್ತಿ ಮುಗಿಸಿಕೊಂಡು 2008ರಲ್ಲಿ ಮತ್ತೆ ತೆರೆಯಿತು.

ಚಪ್ಪಲಿ ಹೊರಗೆ ಬಿಡೋದು ನಮಗೇನು ಹೊಸದಲ್ಲ. ಆದರೆ ಇಲ್ಲಿ ಬರಿಗಾಲೂ ನಡೆಯೋದಿಲ್ಲ, ಸಾಕ್ಸ್ ಬೇಕೇ ಬೇಕು. ಇಳಕಲ್ ಸೀರೆ, ಕೆಳಗೆ ಮಗಳ ಬೆಕ್ಕಿನ ಚಿತ್ರದ ಸಾಕ್ಸ್: ನನ್ನ ಅವತಾರ ಹಿಂಗಿತ್ತು. ಆದರೂ ಆ ಮರದ ನೆಲದ ಮೇಲೆ ಸದ್ದಿಲ್ಲದೆ ಓಡಾಡೋದೇ ಒಂದು ಸುಖ. ಜಾರುಬಾಗಿಲು ಸರಿಸಿದರೆ ತೋಟ, ಮಹಡಿ ಮೇಲೆ ಚಾಪೆ ಹಾಸಿದ ದೊಡ್ಡ ಹಾಲ್, ಅದಕ್ಕೊಂದು ರಂಗ. ಉಳ್ಳವರ ಔತಣ ಅಲ್ಲೇ ಆಗುತ್ತಿದ್ದಿರಬೇಕು.

ಪ್ರದರ್ಶನಗಳು ಬದಲಾಗುತ್ತಿರುತ್ತವೆ. ನಾವು ಹೋದಾಗ ಅಲ್ಲಿನ ಮೂಲನಿವಾಸಿಗಳ ಬಟ್ಟೆಗಳಿದ್ದವು. ಪೈವಾನ್ ಜನರ ಒಂದು ಅಂಗಿಯ ಮುಂದೆ ನನ್ನ ಕಾಲು ಕಿತ್ತು ಬರಲಿಲ್ಲ. ಕಪ್ಪು ಬಟ್ಟೆ, ಕೆಂಪು, ಹಳದಿ, ಹಸಿರು ದಾರ, ಎಳೆ ಎಣಿಸಿ ಹಾಕಿದ ಕ್ರಾಸ್ ಹೊಲಿಗೆ. ನಮ್ಮ ಕಸೂತಿಯ ಮೆಂತಿ ಹೊಲಿಗೆಯೇ! ನಡುನಡುವೆ ತ್ರಿಕೋನಗಳ ಸಾಲು: ಅವರು ತಮ್ಮ ಪೂರ್ವಿಕ ಅಂತ ನಂಬುವ ಹಾವಿನ ಮೈಗುರುತು. ನಾವು ಗೋಪುರ, ಆನೆ, ತುಳಸಿಕಟ್ಟಿ ತೆಗೀತೀವಿ, ಅವರು ನಾಗಪ್ಪನ್ನ. ಕಸೂತಿ ಹಾಕುವವರಿಗೆ ಬಟ್ಟೆ ಸಿಕ್ಕರೆ ಮೊದಲು ಮಗುಚಿ ಹಿಂಬದಿ ನೋಡೋ ಚಟ. ಗಂಟು ಎಲ್ಲಿ ಹಾಕ್ಯಾರ, ದಾರ ಹೆಂಗ ಮುಗಿಸ್ಯಾರ ಅಂತ ನಾನು ಬಗ್ಗಿ, ಸೊಟ್ಟಗಾಗಿ, ಗಾಜಿನ ಸಂದಿಯಿಂದ ಹಣಿಕುತ್ತಿದ್ದೆ. “ಅವ್ವಾ, ಕಾವಲಿನವರು ನೋಡಾಕತ್ತಾರ,” ಅಂದಳು ಮಗಳು. ನೋಡಲಿ.

ಕೋಣೆಗಳು ಸಣ್ಣವು, ಒಮ್ಮೆಗೆ ಇಡುವ ವಸ್ತುಗಳೂ ಕಡಿಮೆ. ಭಂಡಾರ ತುಂಬಿ ತುಳುಕಬೇಕು ಅನ್ನುವವರಿಗೆ ತೈಪೆಯಲ್ಲೇ ರಾಷ್ಟ್ರೀಯ ಅರಮನೆ ಮ್ಯೂಸಿಯಂ ಇದೆ. ನನಗಂತೂ ಈ ಅಳತೆಯೇ ಹಿಡಿಸಿತು.

ಊಟಕ್ಕೆ ಒಳಗೇ ಜಪಾನಿ ಶೈಲಿಯ ವ್ಯವಸ್ಥೆ ಇದೆ. ಶಾಕಾಹಾರಿಗಳು ಮೊದಲೇ ಕೇಳಿಕೊಳ್ಳಿ. ಜಪಾನಿ ಅಡುಗೆಯ ಸಾರಿಗೆ ಒಣಮೀನು ಕುದಿಸಿದ ನೀರು ಬೀಳೋದು ಸಾಮಾನ್ಯ. ನಾವು ಚಹಾ ಕುಡಿದು ಎದ್ದೆವು. ಗುಡ್ಡದ ಕೆಳಗೆ 1913ರ ಇಟ್ಟಿಗೆಯ ಸ್ನಾನಗೃಹವೂ ಈಗ ಮ್ಯೂಸಿಯಂ, ಟಿಕೆಟ್ ಇಲ್ಲ. ಬಸ್ಸಿನಲ್ಲಿ ಮೇಲೆ ಹೋಗಿ, ಇಳಿಯುತ್ತ ಅದನ್ನು ನೋಡ್ಕೊಂಡು ಬರ್ರಿ.