ಡೂಲಾ ಗೊತ್ತುಮಾಡಿಕೊಳ್ಳುವವರಿಗೆ: ಆಸ್ಪತ್ರೆಗೆ ಹೊರಡುವ ಹೊತ್ತನ್ನು ಅವರ ಕೈಗೆ ಕೊಡಬೇಡಿ

ಜುಲೈ ತಿಂಗಳು. ಕೊಡಗಿನ ಭಾಗಮಂಡಲದ ಕಡೆಯ ಒಂದು ತೋಟದ ಮನೆ, ಚೊಚ್ಚಲ ಹೆರಿಗೆ, 39 ವಾರ ತುಂಬಿತ್ತು. ರಾತ್ರಿ ಎರಡು ಗಂಟೆಗೆ ನೀರು ಹೋಯಿತು. ಬಟ್ಟೆಗೆ ಹತ್ತಿದ್ದು ಹಸಿರು ಬಣ್ಣ. ಮನೆಯವರು ಮೊದಲು ಫೋನ್ ಮಾಡಿದ್ದು ಆಸ್ಪತ್ರೆಗಲ್ಲ, ಬೆಂಗಳೂರಿನಿಂದ ಗೊತ್ತುಮಾಡಿಕೊಂಡಿದ್ದ ಡೂಲಾಗೆ, ಅಂದರೆ ಹಣ ಪಡೆದು ಹೆರಿಗೆ ವೇಳೆ ಜೊತೆಗಿದ್ದು ಧೈರ್ಯ ಹೇಳುವವರಿಗೆ. ಆಕೆ ಫೋಟೊ ತರಿಸಿಕೊಂಡು ನೋಡಿ, "ನೋವು ಇನ್ನೂ ಐದು ನಿಮಿಷಕ್ಕೊಮ್ಮೆ ಬರುತ್ತಿಲ್ಲ, ಈಗಲೇ ಹೋದರೆ ಸಿಸೇರಿಯನ್ ಮಾಡಿಬಿಡುತ್ತಾರೆ, ಬಿಸಿನೀರು ಹುಯ್ದುಕೊಂಡು ಮಲಗಿ" ಎಂದರು. ಬೆಳಗ್ಗೆ ಏಳಕ್ಕೆ ಹೊರಟರೆ ರಸ್ತೆಗೆ ಮರ ಬಿದ್ದಿತ್ತು. ಮಡಿಕೇರಿ ಮುಟ್ಟಿದಾಗ ಒಂಬತ್ತೂವರೆ. ಮಗುವಿನ ಎದೆಬಡಿತ ಇಳಿಯುತ್ತಿತ್ತು. ತುರ್ತು ಸಿಸೇರಿಯನ್ ಆಯಿತು. ಮಗು ಮಲ ಬೆರೆತ ನೀರನ್ನು ಶ್ವಾಸಕೋಶಕ್ಕೆ ಎಳೆದುಕೊಂಡಿದ್ದರಿಂದ ಆರು ದಿನ ಶಿಶು ಐಸಿಯುನಲ್ಲಿತ್ತು. ಈಗ ತಾಯಿ, ಮಗು ಇಬ್ಬರೂ ಆರಾಮಾಗಿದ್ದಾರೆ. ಡೂಲಾ ಬರಲೇ ಇಲ್ಲ. ಪೂರ್ತಿ ಮುಂಗಡ ಕೊಟ್ಟಿದ್ದ ಹಣವೂ ವಾಪಸ್ ಬರಲಿಲ್ಲ.

ಇಲ್ಲಿ ತಪ್ಪಿದ್ದು ಮೂರು ಕಡೆ. ಹಣದ ಮಾತು ಕೊನೆಗಿರಲಿ.

ಮೊದಲನೆಯದು, ಡೂಲಾ ಎಂದರೆ ಸೂಲಗಿತ್ತಿ ಎಂದು ಆ ಮನೆಯವರು ನಂಬಿದ್ದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ನೆನಪಿದೆ. ಅವರು ಮಗುವನ್ನು ಕೈಯಾರೆ ಹೆರಿಸುತ್ತಿದ್ದವರು. ಡೂಲಾ ಹೆರಿಗೆ ಮಾಡಿಸುವವರಲ್ಲ. ಆ ಗ್ರೀಕ್ ಪದಕ್ಕೆ ಸೇವೆ ಮಾಡುವ ಹೆಂಗಸು ಎಂಬ ಅರ್ಥ. ಸೊಂಟ ಒತ್ತುವುದು, ಉಸಿರಾಟಕ್ಕೆ ಜೊತೆ ಕೊಡುವುದು, ಮಗ್ಗುಲು ಬದಲಿಸಲು ನೆನಪಿಸುವುದು, ಹೆದರಿದಾಗ ಕೈ ಹಿಡಿದು ಕೂರುವುದು ಅವರ ಕೆಲಸ. ಬಿಪಿ ನೋಡುವುದು, ಮಗುವಿನ ಎದೆಬಡಿತ ಕೇಳುವುದು, ಒಳಪರೀಕ್ಷೆ, ಔಷಧಿ, ಇವು ಯಾವುದೂ ಅವರದಲ್ಲ. 1992ರಲ್ಲಿ ಶುರುವಾದ ಡೋನಾ ಇಂಟರ್‌ನ್ಯಾಷನಲ್ ಎಂಬ ಡೂಲಾಗಳ ಸಂಸ್ಥೆಯ ನಿಯಮದಲ್ಲೇ ಈ ಕೆಲಸಗಳನ್ನು ಮಾಡಕೂಡದು ಎಂದಿದೆ. ಇನ್ನು ನಮ್ಮ ದೇಶದಲ್ಲಿ ಡೂಲಾಗಳಿಗೆ ನೋಂದಣಿಯೇ ಇಲ್ಲ. ನರ್ಸ್‌ಗಳಿಗೆ ಕೌನ್ಸಿಲ್ ಇದೆ, ಡಾಕ್ಟರಿಗೆ ಕೌನ್ಸಿಲ್ ಇದೆ. ಡೂಲಾ ಎಂದು ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಗೋಡೆಗೆ ನೇತುಹಾಕಿದ ಸರ್ಟಿಫಿಕೇಟು ಹಲವು ಸಲ ಕೆಲವೇ ದಿನಗಳ ಕಾರ್ಯಾಗಾರದ್ದು.

ಎರಡನೆಯದು ಆ "ಐದು ನಿಮಿಷ". 5-1-1 ಎಂದು ಹೆರಿಗೆ ತಯಾರಿಯ ತರಗತಿಗಳಲ್ಲಿ ಹೇಳಿಕೊಡುತ್ತಾರೆ: ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದ ಮೇಲೆ ಹೊರಡಿ. ಆಸ್ಪತ್ರೆ ಹದಿನೈದು ನಿಮಿಷದಲ್ಲಿ ಸಿಗುವ, ಯಾವ ತೊಂದರೆಯೂ ಇಲ್ಲದ ಬಸುರಿಗೆ ಈ ಲೆಕ್ಕ ಸರಿ. ಭಾಗಮಂಡಲದಿಂದ ಮಡಿಕೇರಿಗೆ ಸುಮಾರು 38 ಕಿಲೋಮೀಟರ್, ಮಳೆಗಾಲದ ರಾತ್ರಿಯಲ್ಲಿ ಅದಕ್ಕೆ ಎಷ್ಟು ಹೊತ್ತು ಬೇಕೆಂದು ಬೆಂಗಳೂರಿನ ಫೋನಿಗೆ ಗೊತ್ತಾಗುವುದಿಲ್ಲ. ಮಳೆ ಜೋರಾದರೆ ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ಕಾವೇರಿ ನೀರು ಬರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. ಬಿರುನಾಣಿ, ಶ್ರೀಮಂಗಲ, ಕುಟ್ಟದ ಕಡೆಯವರಿಗೂ ಇದೇ ಪಾಡು, ಕರೆಂಟು ಹೋದರೆ ಟವರೂ ಹೋಗುತ್ತದೆ. ಆಸ್ಪತ್ರೆಗೆ ಒಂದು ಗಂಟೆಗಿಂತ ಹೆಚ್ಚು ದಾರಿ ಇದ್ದರೆ ನೋವು ಹತ್ತು ನಿಮಿಷಕ್ಕೊಮ್ಮೆ ಸರಿಯಾಗಿ ಬರಲು ಶುರುವಾದಾಗಲೇ ಹೊರಡಿ. ಎರಡನೇ ಹೆರಿಗೆಯಾದರೆ ಅದಕ್ಕೂ ಮೊದಲೇ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಡೇಟ್ ಇದ್ದರೆ 38ನೇ ವಾರಕ್ಕೇ ಮಡಿಕೇರಿ, ವಿರಾಜಪೇಟೆ ಅಥವಾ ಕುಶಾಲನಗರದಲ್ಲಿ ನೆಂಟರ ಮನೆಯೋ ಬಾಡಿಗೆ ಕೋಣೆಯೋ ನೋಡಿಕೊಂಡು ಇಳಿದು ಬರುವುದು ಇನ್ನೂ ಒಳ್ಳೆಯದು. ಡೂಲಾಗೆ ಕೊಡುವ ಹಣದಲ್ಲಿ ಒಂದು ಪಾಲು ಇದಕ್ಕೆ ಎತ್ತಿಟ್ಟರೂ ತಪ್ಪಿಲ್ಲ. ನಮ್ಮನ್ನು ಕೇಳಿದರೆ ಡೂಲಾಗಿಂತ ಮೊದಲ ಖರ್ಚು ಇದೇ.

ಕೆಲವು ಲಕ್ಷಣ ಕಂಡರಂತೂ ನೋವಿನ ನಿಮಿಷ ಎಣಿಸಲೇಬಾರದು. ಹೋದ ನೀರು ತಿಳಿಯಾಗಿದ್ದು ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು, ಗಂಟೆ ಕಳೆದಂತೆ ಸೋಂಕಿನ ಭಯ ಹೆಚ್ಚುತ್ತದೆ. ನೀರು ಹಸಿರು ಅಥವಾ ಕಂದು ಬಣ್ಣದ್ದಾದರೆ ಮಗು ಒಳಗೇ ಮಲ ಮಾಡಿಕೊಂಡಿದೆ ಎಂದರ್ಥ. ಎಲ್ಲ ಸಲವೂ ಇದರಿಂದ ಅಪಾಯವಾಗುವುದಿಲ್ಲ, ಆದರೆ ಆಮೇಲೆ ಮಗುವಿನ ಎದೆಬಡಿತವನ್ನು ಬಿಡದೆ ನೋಡುತ್ತಿರಬೇಕು, ಆ ಕೆಲಸ ಫೋನಿನಲ್ಲಿ ಆಗುವುದಿಲ್ಲ. ಪ್ಯಾಡ್ ತೋಯುವಷ್ಟು ರಕ್ತ, ಮಗುವಿನ ಒದೆತ ಕಮ್ಮಿಯಾಗುವುದು, ತೀರದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದ ನೋವು, ಜ್ವರ, 37 ವಾರಕ್ಕೆ ಮೊದಲೇ ನೋವು, ಇವಕ್ಕೂ ತಕ್ಷಣ ಹೊರಡಬೇಕು. ನೀರಿನ ಜೊತೆ ಹೊಕ್ಕುಳಬಳ್ಳಿ ಹೊರಗೆ ಕಂಡರೆ ಬಸುರಿಯನ್ನು ಮೊಣಕಾಲೂರಿ, ಎದೆ ಹಾಸಿಗೆಗೆ ತಾಗಿಸಿ, ಸೊಂಟ ಮೇಲೆತ್ತಿದ ಭಂಗಿಯಲ್ಲಿ ಇರಿಸಿ 108ಕ್ಕೆ ಕರೆ ಮಾಡಿ. ಬಳ್ಳಿಯನ್ನು ಒಳಕ್ಕೆ ತಳ್ಳಲು ಹೋಗಬೇಡಿ.

ಮೂರನೆಯದು ದೂರ. ಬೆಂಗಳೂರಿನಿಂದ ಮಡಿಕೇರಿ 250 ಕಿಲೋಮೀಟರಿಗೂ ಮೇಲೆ, ಆರು ತಾಸಿನ ದಾರಿ. ಮೈಸೂರಾದರೂ ಸುಮಾರು 120 ಕಿಲೋಮೀಟರ್. ಎರಡನೇ ಹೆರಿಗೆ ಅಷ್ಟರೊಳಗೆ ಮುಗಿದೇ ಹೋಗಬಹುದು. "ಫೋನ್ ಮಾಡಿದ ತಕ್ಷಣ ಹೊರಡುತ್ತೇನೆ" ಎಂದರೆ ತಕ್ಷಣ ಬಂದಂತಲ್ಲ. ಒಳ್ಳೆಯ ಡೂಲಾ 38ರಿಂದ 42ನೇ ವಾರದವರೆಗೆ ಬೇರೆ ಊರಿಗೆ ಹೋಗದೆ ಕರೆಗೆ ಸಿದ್ಧವಾಗಿರುತ್ತಾರೆ, ತಾವು ಬರಲಾಗದಿದ್ದರೆ ಬದಲಿಗೆ ಯಾರು ಬರುತ್ತಾರೆಂದು ಹೆಸರು ಹೇಳಿ ಮುಂಚೆಯೇ ಭೇಟಿ ಮಾಡಿಸುತ್ತಾರೆ. ಈ ಕುಟುಂಬಕ್ಕೆ ಸಿಕ್ಕಿದ್ದು ಆನ್‌ಲೈನ್ ತರಗತಿ ಮತ್ತು ವಾಟ್ಸಾಪ್ ಮೆಸೇಜು ಮಾತ್ರ. ಬಿಲ್ಲಿನಲ್ಲಿ ಮಾತ್ರ "ಹೆರಿಗೆ ಬೆಂಬಲ" ಎಂದಿತ್ತು.

ಡೂಲಾ ಬಂದಿದ್ದರೂ ಒಳಗೆ ಬಿಡುತ್ತಿದ್ದರೋ ಇಲ್ಲವೋ ಎಂದು ಯಾರೂ ವಿಚಾರಿಸಿರಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಜೊತೆಗೊಬ್ಬರು ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಕೊಟ್ಟಿದೆ, ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ 2017ರ ಲಕ್ಷ್ಯ ಯೋಜನೆಯಲ್ಲೂ ಅದು ಸೇರಿದೆ. ಆದರೆ ಅಲ್ಲಿ ಹೇಳಿರುವುದು ಒಬ್ಬರು, ಅದೂ ಆದಷ್ಟು ಮಟ್ಟಿಗೆ ಹೆತ್ತ ಅನುಭವವಿರುವ ಹೆಂಗಸು ಎಂದು. ಡೂಲಾ ಒಳಗೆ ಬಂದರೆ ಅಮ್ಮನೋ ಅತ್ತೆಯೋ ಹೊರಗೆ ನಿಲ್ಲಬೇಕಾಗುತ್ತದೆ. ಈ ಮಾತು ಮನೆಯಲ್ಲಿ ಮೊದಲೇ ಆಗಿಬಿಡಲಿ, ಹೆರಿಗೆ ಕೋಣೆಯ ಬಾಗಿಲಲ್ಲಿ ಜಗಳ ಶುರುವಾದರೆ ನರಳುವುದು ಒಳಗಿರುವವಳು. 34ನೇ ವಾರದ ಹೊತ್ತಿಗೆ ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಡೂಲಾ ಹೆಸರು ಹೇಳಿ, ಡಾಕ್ಟರ ಒಪ್ಪಿಗೆಯನ್ನು ಫೈಲಿನಲ್ಲೋ ತಾಯಿ ಕಾರ್ಡಿನ ಜೊತೆಯೋ ಬರೆಸಿಕೊಳ್ಳಿ. ಸಿಸೇರಿಯನ್ ಆದರೆ ಥಿಯೇಟರಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ದೊಡ್ಡ ಆಸ್ಪತ್ರೆಗೆಂದು ಮೈಸೂರಿಗೆ ಕಳಿಸಿದರೆ ಡೂಲಾ ಜೊತೆಗೆ ಬರುತ್ತಾರಾ, ಆಂಬುಲೆನ್ಸಿನಲ್ಲಿ ಜಾಗವಿಲ್ಲದಿದ್ದರೆ ಅವರ ಪ್ರಯಾಣದ ಖರ್ಚು ಯಾರದು ಎಂಬುದೂ ಇತ್ಯರ್ಥವಾಗಿರಬೇಕು.

ಇಷ್ಟೆಲ್ಲ ಓದಿ ಡೂಲಾ ಬೇಡವೇ ಬೇಡ ಎಂದುಕೊಳ್ಳಬೇಡಿ. ಹೆರಿಗೆಯುದ್ದಕ್ಕೂ ಬಿಡದೆ ಜೊತೆಗೊಬ್ಬರಿದ್ದರೆ ಸಿಸೇರಿಯನ್ ಕಮ್ಮಿಯಾಗುತ್ತದೆ, ಹೆರಿಗೆಯ ಹೊತ್ತೂ ಸ್ವಲ್ಪ ಇಳಿಯುತ್ತದೆ ಎಂದು ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2017ರ ವಿಮರ್ಶೆ ಹೇಳಿದೆ. ಅದು 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದು. ಲಾಭ ಬರುವುದು ಬಿಡದೆ ಪಕ್ಕದಲ್ಲಿ ಇರುವುದರಿಂದ. ಕೆಲಸ ಬಲ್ಲ ಡೂಲಾ ನೋವು ಬಂದಾಗ ಅಂಗೈ ಬುಡದಿಂದ ಬೆನ್ನಿನ ಕೆಳಭಾಗದ ತ್ರಿಕೋನ ಮೂಳೆಯನ್ನು ಗಟ್ಟಿಯಾಗಿ ಒತ್ತುತ್ತಾರೆ, ಸೊಂಟದ ಎರಡೂ ಬದಿಯನ್ನು ಒಳಕ್ಕೂ ಮೇಲಕ್ಕೂ ಅದುಮುತ್ತಾರೆ. ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸುತ್ತಾರೆ, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಎಬ್ಬಿಸುತ್ತಾರೆ, ಏಕೆಂದರೆ ತುಂಬಿದ ಮೂತ್ರಚೀಲ ಮಗುವಿನ ತಲೆ ಇಳಿಯಲು ಅಡ್ಡ. ನೋವಿನ ಹೊತ್ತಲ್ಲಿ ಕೂರುವ ದೊಡ್ಡ ಗಾಳಿ ಚೆಂಡನ್ನು ಬಸುರಿಯ ಎತ್ತರ ನೋಡಿ ತರುತ್ತಾರೆ: ಐದಡಿ ಮೂರಿಂಚಿಗಿಂತ ಕುಳ್ಳಗಿದ್ದರೆ 55 ಸೆಂಟಿಮೀಟರಿನದು, ಅದಕ್ಕಿಂತ ಎತ್ತರಕ್ಕೆ 65ರದ್ದು, ಕೂತಾಗ ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು. ಮಗು ಹುಟ್ಟಿದ ಮೊದಲ ಗಂಟೆಯಲ್ಲಿ ಎದೆಗೆ ಹಾಕಿಸಿಕೊಳ್ಳಲು ನೆರವಾಗುತ್ತಾರೆ. ಇವನ್ನು ನಿಮ್ಮ ಅಕ್ಕನೋ ಚಿಕ್ಕಮ್ಮನೋ ಎರಡು ಮಧ್ಯಾಹ್ನ ಕೂತು ಕಲಿತರೂ ಬಹುಪಾಲು ಮಾಡಬಹುದು.

ಭೇಟಿಯ ದಿನ ಒಂದೇ ಪ್ರಶ್ನೆ ಕೇಳಿ: "ನೀರು ಹಸಿರಾಗಿದ್ದರೆ ಏನು ಹೇಳುತ್ತೀರಿ?" "ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ" ಎಂಬ ಉತ್ತರ ತಡವಿಲ್ಲದೆ ಬರಬೇಕು. "ಮೊದಲು ನನಗೆ ಫೋಟೊ ಕಳಿಸಿ" ಎಂದರೆ ಚಹಾ ಕೊಟ್ಟು ಕಳಿಸಿಬಿಡಿ. ನಾರ್ಮಲ್ ಹೆರಿಗೆಗೆ ಗ್ಯಾರಂಟಿ ಕೊಡುವವರು, ಚೀಲದಲ್ಲಿ ಡಾಪ್ಲರ್ ಇಟ್ಟುಕೊಂಡು ಎದೆಬಡಿತ ಕೇಳಿಸುವವರು, ಆಶಾ ಕಾರ್ಯಕರ್ತೆ ಬೇಡ, ಸ್ಕ್ಯಾನ್ ಬೇಡ ಎನ್ನುವವರು, ನೋವು ಬರಿಸಲು ಹರಳೆಣ್ಣೆ ಕುಡಿಸುವವರು ಬೇಡ. ಹರಳೆಣ್ಣೆಯಿಂದ ವಾಂತಿ ಭೇದಿಯಾಗಿ ಹೆರಿಗೆಗೆ ಮೊದಲೇ ಮೈಯ ನೀರು, ಶಕ್ತಿ ಎರಡೂ ಸೋರಿಹೋಗುತ್ತದೆ.

ಹಣವನ್ನು ಮೂರು ಕಂತು ಮಾಡಿ: ಒಪ್ಪಂದದ ದಿನ ಒಂದು, 38ನೇ ವಾರಕ್ಕೆ ಒಂದು, ಹೆರಿಗೆಯ ನಂತರದ ಭೇಟಿ ಮುಗಿದ ಮೇಲೆ ಒಂದು. ಬರದಿದ್ದರೆ ಎಷ್ಟು ವಾಪಸ್, ಸಿಸೇರಿಯನ್ ಆದರೆ ಎಷ್ಟು, ಎಷ್ಟು ಗಂಟೆ ಜೊತೆಗಿರುತ್ತಾರೆ ಎಂಬುದೆಲ್ಲ ಕನ್ನಡದಲ್ಲೇ ಬರೆದು ಸಹಿಯಾಗಲಿ. ಯುಪಿಐ ರಸೀದಿ, ಮೆಸೇಜು ಅಳಿಸಬೇಡಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು, 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಮೆಡಿಕಲ್ ಕೌನ್ಸಿಲ್‌ಗೆ ಬರೆದು ಪ್ರಯೋಜನವಿಲ್ಲ, ಅದಿರುವುದು ಡಾಕ್ಟರಿಗೆ.

ಇವತ್ತೇ ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಫೋನಿರುವ ಗೋಡೆಗೆ ಅಂಟಿಸಿ: ಮೊದಲು ಹೆರಿಗೆ ವಾರ್ಡಿನ ನಂಬರ್, ಆಮೇಲೆ 108, ಆಮೇಲೆ ರಾತ್ರಿ ಕರೆದರೂ ಬರುವ ಜೀಪಿನವರದು, ಆಮೇಲೆ ಆಶಾ ಕಾರ್ಯಕರ್ತೆಯದು. ಡೂಲಾ ನಂಬರ್ ಐದನೆಯದು.