ಮೂರು ಪೆಟ್ಟಿಗೆ, ಎರಡು ಮಳೆಗಾಲ

ಉಡುಪಿ ಬಳಿಯ ಪರ್ಕಳದ ನಮ್ಮ ಹಿತ್ತಿಲಿನಲ್ಲಿ ಈಗ ಎರಡು ಬಗೆಯ ಜೇನುಪೆಟ್ಟಿಗೆಗಳಿವೆ. ಮೂರನೆಯ ಬಗೆಯದು ಅಟ್ಟ ಸೇರಿದೆ. ಹೆಚ್ಚು ಹಣ ತಿಂದದ್ದು ಅದೇ ಆದ್ದರಿಂದ ಅದರ ಕಥೆಯನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮನೆಗೆ ಬಂದವರಿಗೆಲ್ಲ ನನ್ನ ಹೆಂಡತಿ ಹೇಳುತ್ತಾಳೆ. ಅವಳ ಬಾಯಲ್ಲಿ ಅದರ ಬೆಲೆ ಪ್ರತಿ ಸಲವೂ ಐನೂರು ರೂಪಾಯಿ ಏರುತ್ತದೆ.

ಅದು ನಲ್ಲಿಯ ಪೆಟ್ಟಿಗೆ. ಮೂಲ ವಿನ್ಯಾಸ ಆಸ್ಟ್ರೇಲಿಯಾದ್ದು. ಸ್ಟುವರ್ಟ್ ಆಂಡರ್ಸನ್ ಮತ್ತು ಸೀಡರ್ ಆಂಡರ್ಸನ್ ಎಂಬ ತಂದೆ ಮಗ ಸೇರಿ ವರ್ಷಗಟ್ಟಲೆ ತಿದ್ದಿ ತೀಡಿ, 2015ರಲ್ಲಿ ‘ಫ್ಲೋ ಹೈವ್’ ಎಂಬ ಹೆಸರಿನಲ್ಲಿ ಅದನ್ನು ಹೊರತಂದರು. ಅಂತರ್ಜಾಲದಲ್ಲಿ ಮುಂಗಡವಾಗಿ ಕೇಳಿದ್ದು 70,000 ಡಾಲರ್, ಬಂದದ್ದು 1.2 ಕೋಟಿ ಡಾಲರಿಗಿಂತ ಹೆಚ್ಚು. ಅದರ ವಿಡಿಯೋ ನೋಡಿದವರಿಗೆ ಈ ಮೊತ್ತ ಆಶ್ಚರ್ಯ ತರುವುದಿಲ್ಲ. ಚೌಕಟ್ಟುಗಳಲ್ಲಿ ಅರೆಬರೆ ಮಾಡಿಟ್ಟ ಪ್ಲಾಸ್ಟಿಕ್ ಕೋಶಗಳಿರುತ್ತವೆ. ನೊಣಗಳು ಸಂದುಗಳಿಗೆ ಮೇಣ ಬಳಿದು ಕೋಶವನ್ನು ಪೂರ್ತಿ ಮಾಡಿಕೊಳ್ಳುತ್ತವೆ, ಜೇನು ತುಂಬುತ್ತವೆ, ಮುಚ್ಚಳ ಹಾಕುತ್ತವೆ. ಹೊರಗಿನಿಂದ ಚಾವಿ ತಿರುಗಿಸಿದರೆ ಕೋಶಗಳ ಸಾಲು ಅರ್ಧ ಕೋಶದಷ್ಟು ಜಾರಿ, ಒಳಗೆ ಮೇಲಿನಿಂದ ಕೆಳಗಿನವರೆಗೆ ಓಣಿಯೊಂದು ತೆರೆದುಕೊಳ್ಳುತ್ತದೆ. ಜೇನು ಆ ಓಣಿಯಲ್ಲಿ ಇಳಿದು ಕೊಳವೆಯ ಮೂಲಕ ಬಾಟಲಿಗೆ ಬರುತ್ತದೆ. ಎರಿ, ಅಂದರೆ ಮೇಣದ ಹಲ್ಲೆ, ಕೀಳುವುದಿಲ್ಲ, ಜೇನು ತೆಗೆಯುವ ಯಂತ್ರ ತಿರುಗಿಸುವುದಿಲ್ಲ, ಮೈಯೆಲ್ಲ ಅಂಟಾಗುವುದಿಲ್ಲ.

ಮೂಲದ್ದನ್ನು ತರಿಸಲು ನನ್ನ ಸಂಬಳ ಒಪ್ಪಲಿಲ್ಲ. ಅದೇ ಉಪಾಯದ ನಕಲು ಚೌಕಟ್ಟುಗಳನ್ನು ತರಿಸಿದೆ. ಆರಕ್ಕೆ 11,000 ರೂಪಾಯಿ. ಊರಿನ ಬಡಗಿ ಅವುಗಳ ಅಳತೆಗೆ ಹೆಬ್ಬಲಸಿನ ಹಲಗೆಯಲ್ಲಿ ಒಂದು ಮೇಲಂತಸ್ತು ಮಾಡಿಕೊಟ್ಟರು. ಡಿಸೆಂಬರಿನಲ್ಲಿ ಅದನ್ನು ಚೆನ್ನಾಗಿ ಬೆಳೆದಿದ್ದ ಒಂದು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು) ಕುಟುಂಬದ ಮೇಲೆ ಏರಿಸಿದೆ.

ಮಾವು, ಗೇರು ಹೂಬಿಟ್ಟವು. ನೊಣಗಳು ಪ್ಲಾಸ್ಟಿಕ್ಕಿನ ಮೇಲೆ ಓಡಾಡಿದವು, ಕೆಳಗಿಳಿದು ಹೋದವು. ಫೆಬ್ರವರಿಯಲ್ಲಿ ಮುಚ್ಚಳ ತೆಗೆದರೆ, ಚೌಕಟ್ಟುಗಳ ಪಕ್ಕದಲ್ಲಿ ಉಳಿದಿದ್ದ ಸಂದಿಯಲ್ಲಿ ಅಂಗೈ ಅಗಲದ ಬಿಳಿ ಎರಿಯೊಂದನ್ನು ತಾವೇ ಕಟ್ಟಿಕೊಂಡಿದ್ದವು. ಅದರಲ್ಲಿ ಜೇನೂ ಇತ್ತು. ತಾರಸಿ ಮನೆ ಕಟ್ಟಿಸಿಕೊಟ್ಟರೆ ಅಂಗಳದ ಮೂಲೆಯಲ್ಲಿ ಗುಡಿಸಲು ಹಾಕಿ ಕುಳಿತ ಹಾಗೆ.

ತಪ್ಪು ನೊಣಗಳದ್ದಲ್ಲ. ಆ ಚೌಕಟ್ಟು ಯುರೋಪಿನ ಮೆಲ್ಲಿಫೆರಾ ನೊಣಕ್ಕಾಗಿ ಹುಟ್ಟಿದ್ದು. ಮೆಲ್ಲಿಫೆರಾ ಕಟ್ಟುವ ಕೋಶದ ಅಗಲ 5 ಮಿಲಿಮೀಟರ್ ದಾಟುತ್ತದೆ, ನಮ್ಮ ಕಡೆಯ ತುಡುವೆಯದು 4 ಮಿಲಿಮೀಟರ್ ಚಿಲ್ಲರೆ. ಕುಟುಂಬವೂ ಸಣ್ಣದು. ಅಷ್ಟು ದೊಡ್ಡ ಅಂತಸ್ತನ್ನು ಬೆಚ್ಚಗಿಟ್ಟು ತುಂಬಲು ಅದಕ್ಕೆ ಆಳು ಸಾಲುವುದಿಲ್ಲ. ಪೆರ್ಡೂರಿನ ದೊಡ್ಡಪ್ಪ ಒಂದು ದಿನ ಬಂದು ಸುತ್ತ ನೋಡಿ ಹೇಳಿದರು: “ನಲ್ಲಿ ಚೆನ್ನಾಗಿದೆ ಮಾರಾಯ. ಆದರೆ ಟ್ಯಾಂಕಿಗೆ ನೀರು ತುಂಬುವವರನ್ನು ನೀನು ಕೇಳಿಯೇ ಇಲ್ಲವಲ್ಲ.”

ನ್ಯಾಯ ಎರಡೂ ಕಡೆ ಆಗಬೇಕೆಂದು ಮರುವರ್ಷ ಅದೇ ಚೌಕಟ್ಟುಗಳನ್ನು ಬೆಳ್ತಂಗಡಿ ಕಡೆಯ ರಬ್ಬರ್ ತೋಟದಲ್ಲಿ ಮೆಲ್ಲಿಫೆರಾ ಪೆಟ್ಟಿಗೆಗಳನ್ನು ಇಟ್ಟಿದ್ದ ಪರಿಚಯದವರೊಬ್ಬರಿಗೆ ಕೊಟ್ಟೆ. ರಬ್ಬರಿನ ಜೇನು ಬರುವುದು ಹೂವಿನಿಂದಲ್ಲ. ಎಲೆ ಉದುರಿ ಹೊಸದಾಗಿ ಚಿಗುರಿದಾಗ ಎಲೆಯ ತೊಟ್ಟಿನಲ್ಲಿರುವ ಗ್ರಂಥಿಗಳು ಸಿಹಿ ಒಸರುತ್ತವೆ, ನೊಣಗಳು ಅದಕ್ಕೆ ಮುಗಿಬೀಳುತ್ತವೆ. ಅಲ್ಲಿ ಐದು ವಾರದೊಳಗೆ ನಾಲ್ಕು ಚೌಕಟ್ಟು ತುಂಬಿದವು. ಚಾವಿ ತಿರುಗಿಸಿದೆವು, ಜೇನು ಹರಿಯಿತು. ನಾನು ಮಗುವಿನಂತೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದ್ದು ನಿಜ. ಆದರೆ ನಕಲಿನ ಬೆಸುಗೆ ಸರಿ ಇರಲಿಲ್ಲ. ಸುಮಾರು ಕಾಲು ಭಾಗ ಒಳಗೇ ಸೋರಿ ಕೆಳಗೆ ರಾಣಿ, ಮರಿಗಳಿರುವ ಸಂಸಾರ ಕೋಣೆಗೆ ಬಿತ್ತು, ಅಡಿಹಲಗೆಯ ಮೇಲೆ ನೂರಾರು ನೊಣಗಳು ಅಂಟಿಕೊಂಡವು. ರಬ್ಬರಿನ ಜೇನು ಬಹಳ ಬೇಗ ಹರಳುಗಟ್ಟುವ ಜಾತಿ. ನಾವು ಬಿಟ್ಟಿದ್ದ ಒಂದು ಚೌಕಟ್ಟು ಮುಂದಿನ ತಿಂಗಳು ಚಾವಿಗೆ ಬಗ್ಗಲೇ ಇಲ್ಲ.

ಸೋರಿಕೆಯ ಮಾತು ನಕಲಿಗೆ ಮಾತ್ರ. ಮೂಲದ ಬಗ್ಗೆ ನನ್ನ ತಕರಾರು ಬೇರೆ: ಜೇನು ತೆಗೆಯುವುದು ನನ್ನಂಥವನಿಗೆ ವರ್ಷದಲ್ಲಿ ಮೂರು ದಿನದ ಕೆಲಸ. ನಲ್ಲಿ ಸುಲಭ ಮಾಡಿಕೊಡುವುದು ಆ ಮೂರು ದಿನವನ್ನು. ಉಳಿದ ದಿನಗಳಲ್ಲಿ ಪೆಟ್ಟಿಗೆ ತೆರೆದು ರಾಣಿ ಮೊಟ್ಟೆ ಇಡುತ್ತಿದೆಯೇ, ಹೊಸ ರಾಣಿಗೆ ಕೋಶ ಕಟ್ಟಿ ಕುಟುಂಬ ಒಡೆದು ಪಾಲಾಗಲು ಹೊರಟಿವೆಯೇ, ಮರಿಗಳು ಆರೋಗ್ಯವಾಗಿವೆಯೇ ಎಂದು ನೋಡಬೇಕು. ಅದಕ್ಕೆ ಚಾವಿ ಇಲ್ಲ. ಮರಿಗಳಿಗೆ ತಗಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿಹಾಕಿತು. ದೊಡ್ಡಪ್ಪನ 14 ಪೆಟ್ಟಿಗೆಗಳಲ್ಲಿ ಒಂದೂ ಉಳಿಯಲಿಲ್ಲ. ಅವರು ಈಗಲೂ ಎರಿ ಎತ್ತಿದೊಡನೆ ಜೇನನ್ನು ನೋಡುವುದಿಲ್ಲ, ಮರಿಗಳನ್ನು ನೋಡುತ್ತಾರೆ.

ಅವರಿಂದಲೇ ಬಂದದ್ದು ನನ್ನ ಎರಡನೆಯ ಬಗೆ, ನ್ಯೂಟನ್ ಪೆಟ್ಟಿಗೆ. ಇದು ಸೇಬಿನ ನ್ಯೂಟನ್ ಅಲ್ಲ. ಸುಮಾರು ನೂರು ವರ್ಷಗಳ ಹಿಂದೆ ತಿರುಚಿರಾಪಳ್ಳಿ ಕಡೆ ತುಡುವೆಯ ಗಾತ್ರಕ್ಕೆಂದೇ ಸಣ್ಣ ಪೆಟ್ಟಿಗೆ ರೂಪಿಸಿದ ಪಾದ್ರಿ. ಎರಿಗಳ ನಡುವೆ ನೊಣ ಓಡಾಡುವಷ್ಟೇ ಜಾಗ ಬಿಟ್ಟರೆ ಅದನ್ನು ಮುಚ್ಚುವುದಿಲ್ಲ ಎಂಬ ಗುಟ್ಟನ್ನು ಹಿಡಿದು 1851ರಲ್ಲಿ ಕಳಚುವ ಚೌಕಟ್ಟಿನ ಪೆಟ್ಟಿಗೆಯ ದಾರಿ ತೆರೆದ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಕೂಡ ಪಾದ್ರಿಯೇ. ಜೇನಿಗೂ ಪಾದ್ರಿಗಳಿಗೂ ಅದೇನು ನಂಟೋ.

ಪೆಟ್ಟಿಗೆ, ಕಬ್ಬಿಣದ ಕಾಲು, ಕುಟುಂಬ ಎಲ್ಲ ಸೇರಿ 4,600 ರೂಪಾಯಿ ಆಯಿತು. ಕೆಳಗೆ ಏಳು ಚೌಕಟ್ಟಿನ ಸಂಸಾರ ಕೋಣೆ, ಮೇಲೆ ಗಿಡ್ಡ ಜೇನು ಕೋಣೆ. ತುಡುವೆ ಮೆಲ್ಲಿಫೆರಾದಂತೆ ಮರದ ಅಂಟು ತಂದು ಮೆತ್ತುವುದಿಲ್ಲವಾದ್ದರಿಂದ ಚೌಕಟ್ಟು ಎರಡು ಬೆರಳಿಗೆ ಎದ್ದುಬರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯಾಗುವುದು ಬೇರೆ ಮಾತು. ತೆಂಗಿನ ಸಿಪ್ಪೆಯ ಹೊಗೆ ಸ್ವಲ್ಪ ಸಾಕು. ನಾನು ಈಗ ಕೈಗವಸು ಹಾಕುವುದಿಲ್ಲ. ಮುಖಪರದೆ ಮಾತ್ರ ಬಿಡುವುದಿಲ್ಲ.

ಇದರ ತೊಂದರೆ ಒಂದೇ, ಆದರೆ ದೊಡ್ಡದು. ತುಡುವೆಗೆ ಸಿಟ್ಟು ಬಂದರೆ ಕಚ್ಚಿ ಸುಮ್ಮನಾಗುವುದಿಲ್ಲ, ಮನೆಯನ್ನೇ ಬಿಟ್ಟುಹೋಗುತ್ತದೆ. ಮೊದಲ ಮಳೆಗಾಲದಲ್ಲಿ ನನಗೆ ಬುದ್ಧಿ ಇರಲಿಲ್ಲ. ಜೂನಿನಲ್ಲಿ ಮೇಲಿನ ಕೋಣೆಯನ್ನು ಇಳಿಸದೆ ಹಾಗೆಯೇ ಬಿಟ್ಟೆ. ಖಾಲಿ ಎರಿಗಳಿಗೆ ಮೇಣದ ಪತಂಗದ ಹುಳ ಬಿದ್ದು ಬಲೆ ನೇಯಿತು. ಸಕ್ಕರೆ ಪಾಕವನ್ನು ಹಗಲಿನಲ್ಲಿ ಹೊರಗಿಟ್ಟೆ, ಇರುವೆಗೆ ಹಬ್ಬವಾಯಿತು. ಆಟಿ ತಿಂಗಳ (ಜುಲೈ–ಆಗಸ್ಟ್) ಒಂದು ಬೆಳಗ್ಗೆ ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಇಡೀ ಕುಟುಂಬ ಎದ್ದು, ಪಕ್ಕದ ಮನೆಯ ಹಲಸಿನ ಮರದ ಮೇಲಿಂದ ದಾಟಿ ಹೋಯಿತು.

ಎರಡನೆಯ ಮಳೆಗಾಲಕ್ಕೆ ದೊಡ್ಡಪ್ಪ ಹೇಳಿದಂತೆ ಮಾಡಿದೆ. ಮೇ ಕೊನೆಗೆ ಜೇನು ಕೋಣೆ ಇಳಿಸಿದೆ. ನೊಣ ಮುತ್ತಿರುವಷ್ಟೇ ಎರಿ ಉಳಿಸಿ ಮಿಕ್ಕದ್ದನ್ನು ತೆಗೆದೆ. ವಾರಕ್ಕೊಮ್ಮೆ ಸಂಜೆ ಕತ್ತಲಾದ ಮೇಲೆ ಸಕ್ಕರೆಗೆ ಸಮ ನೀರು ಬೆರೆಸಿ ತೆಂಗಿನ ಗೆರಟೆಯಲ್ಲಿ ಒಳಗಿಟ್ಟೆ, ನೊಣ ಮುಳುಗದಂತೆ ನಾಲ್ಕು ಕಡ್ಡಿ ಹಾಕಿದೆ. ಸ್ಟ್ಯಾಂಡಿನ ಕಾಲುಗಳ ಬಟ್ಟಲಲ್ಲಿ ಸದಾ ನೀರು. ಸೆಪ್ಟೆಂಬರಿನಲ್ಲಿ ನಾಚಿಕೆಮುಳ್ಳು ಹೂಬಿಟ್ಟು ಕಾಲುಗಳಲ್ಲಿ ಪರಾಗ ಹೊತ್ತು ನೊಣಗಳು ಬಂದಾಗ ಬ್ಯಾಂಕಿಗೆ ಹೊರಟಿದ್ದವನು ಬಸ್ ತಪ್ಪಿಸಿಕೊಂಡು ನಿಂತಿದ್ದೆ. ಮೊದಲ ವರ್ಷ ಎರಡು ಪೆಟ್ಟಿಗೆಯಿಂದ ಎರಡೂವರೆ ಕಿಲೋ, ಎರಡನೆಯ ವರ್ಷ ಏಳು ಕಿಲೋ ಜೇನು ಸಿಕ್ಕಿತು. ಮುಚ್ಚಳ ಹಾಕುವ ಮೊದಲೇ ಆಸೆಯಿಂದ ತೆಗೆದ ಒಂದು ಬಾಟಲಿ ಹುಳಿಬಂದು ನೊರೆ ಉಕ್ಕಿಸಿತು. ಕರಾವಳಿಯ ಜೇನಿನಲ್ಲಿ ಹೇಗೂ ನೀರಿನಂಶ ಜಾಸ್ತಿ, ಆತುರ ಕೂಡದು.

ಮೂರನೆಯದು ಮುಜಂಟಿ. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಮ್ಮನಿಗೆ ನೊಣವೆಂದರೆ ಭಯ. ಚುಚ್ಚದ ಜೇನು ಎಂದು ಒಪ್ಪಿಸಿ ಜಗಲಿಯ ಮಾಡಿನ ಕೆಳಗೆ ತೂಗುಹಾಕಿದೆ. ಮರದ ಪೆಟ್ಟಿಗೆ, ನಡುವೆ ಸೀಳಿದ ಹಾಗೆ ಎರಡು ಹೋಳು. ಕುಟುಂಬವನ್ನು ಎರಡು ಮಾಡಬೇಕೆಂದರೆ ಹೋಳುಗಳನ್ನು ಬೇರ್ಪಡಿಸಿ ಎರಡಕ್ಕೂ ಹೊಸ ಹೋಳು ಜೋಡಿಸುವುದು. ಒಂದು ಕುಟುಂಬ 1,800 ರೂಪಾಯಿ.

ಇದರಲ್ಲಿ ಎರಿಯೇ ಇಲ್ಲ, ಚೌಕಟ್ಟೂ ಬೇಡ. ಮರದ ಅಂಟು, ಮೇಣ ಬೆರೆಸಿ ದ್ರಾಕ್ಷಿಗೊಂಚಲಿನಂತೆ ಸಣ್ಣ ಕುಡಿಕೆಗಳನ್ನು ಕಟ್ಟಿ ಜೇನು ಇಡುತ್ತವೆ. ಬಾಗಿಲಿಗೆ ಅದೇ ಅಂಟಿನ ಕೊಳವೆ, ಅದರ ಬಾಯಲ್ಲಿ ಸದಾ ಕಾವಲುಗಾರರು. ಚುಚ್ಚುವುದಿಲ್ಲ ಎಂಬುದು ಸರಿ, ಆದರೆ ಪೆಟ್ಟಿಗೆ ಬಿಚ್ಚಿದರೆ ಕೂದಲು, ಕಿವಿ ಹೊಕ್ಕು ಕಚ್ಚುತ್ತವೆ. ವರ್ಷಕ್ಕೆ ನನಗೆ ಸಿಕ್ಕಿದ್ದು 350 ಗ್ರಾಂ. ಕುಡಿಕೆಗಳನ್ನು ಚಮಚದಲ್ಲಿ ಎತ್ತಿ ಬಟ್ಟೆಯಲ್ಲಿ ಸೋಸಬೇಕು. ರುಚಿ ಹುಳಿಸಿಹಿ, ಸ್ವಲ್ಪ ಒಗರು. ನನಗೆ ತುಡುವೆಯ ಜೇನಿಗಿಂತ ಇದೇ ಹಿಡಿಸಿತು. ಊರಿನಲ್ಲಿ ಇದನ್ನು ಔಷಧಿಯೆಂದೇ ಕೇಳಿ ಬರುತ್ತಾರೆ, ಕೆಲವರು ಹಸುಳೆಯ ನಾಲಗೆಗೆ ತಾಗಿಸಲು. ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನೂ ಕೂಡದೆಂದು ವೈದ್ಯರು ಹೇಳುತ್ತಾರೆ, ಹಾಗಾಗಿ ಅಂಥವರಿಗೆ ನಾನು ಕೊಡುವುದಿಲ್ಲ.

ಎರಡು ಮಳೆಗಾಲವನ್ನೂ ಮುಜಂಟಿ ನನ್ನ ಸಹಾಯವಿಲ್ಲದೆ ಕಳೆಯಿತು. ಸಕ್ಕರೆ ಇಲ್ಲ, ವಾರದ ತಪಾಸಣೆ ಇಲ್ಲ. ಅಮ್ಮ ಈಗ ಕಾಫಿ ಲೋಟ ಹಿಡಿದು ಅದರ ಕೆಳಗೇ ಕುಳಿತು ಪತ್ರಿಕೆ ಓದುತ್ತಾರೆ, ಹಲ್ಲಿ ಬಂದರೆ ಓಡಿಸುತ್ತಾರೆ.

ಹೊಸದಾಗಿ ಶುರುಮಾಡುವವರು ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ, ಮಣಿಪಾಲದ ಫ್ಲ್ಯಾಟಿನ ಬಾಲ್ಕನಿಯವರಿಗೆ ಮುಜಂಟಿ ಎನ್ನುತ್ತೇನೆ. ಹತ್ತು ಸೆಂಟ್ಸ್ ಹಿತ್ತಿಲು, ವಾರದಲ್ಲಿ ಅರ್ಧ ಗಂಟೆ ಬಿಡುವು ಇರುವವರಿಗೆ ನ್ಯೂಟನ್, ಅದೂ ಎರಡು ಪೆಟ್ಟಿಗೆ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಎರಿ ಕೊಟ್ಟು ಉಳಿಸಿಕೊಳ್ಳಬಹುದು. ಕುಟುಂಬವನ್ನು ನವೆಂಬರಿನಲ್ಲಿ ತನ್ನಿ, ಮುಂದೆ ಹೂವಿನ ಕಾಲವಿದೆ. ಮೇ ಕೊನೆಯಲ್ಲಿ ಅರ್ಧ ಬೆಲೆಗೆ ಕೊಡುತ್ತೇವೆಂದು ಬರುವವರಿದ್ದಾರೆ. ನನ್ನ ಬಳಿಯೂ ಬಂದಿದ್ದರು, ನಾನು ಕೊಂಡೂ ಇದ್ದೆ. ಹಲಸಿನ ಮರ ದಾಟಿ ಹೋದದ್ದು ಅದೇ ಕುಟುಂಬ.